ಚಿಕ್ಕ ರೀಫ್ ಟ್ಯಾಂಕಿಗೆ ಮೆಕ್ಯಾನಿಕಲ್ ಫಿಲ್ಟರ್: ಕಸ ಹಿಡಿಯೋದು ಸುಲಭ, ಹೊರಗೆ ಹಾಕೋದೇ ಕೆಲಸ

ಉಪ್ಪುನೀರಿನ ಅಕ್ವೇರಿಯಂ ಸರಣಿಯಲ್ಲಿ ಇವತ್ತಿನ ವಿಷಯ ಮೆಕ್ಯಾನಿಕಲ್ ಫಿಲ್ಟ್ರೇಶನ್. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಆಫೀಸ್ ಕ್ಯಾಬಿನಲ್ಲಿ ಕೂತು ಓದೋರಿಗೆ ಅಂತ ಅದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಲೆಕ್ಕಗಳು ಮಾತಿಗಿಂತ ಬರಹದಲ್ಲೇ ಚೆನ್ನಾಗಿ ತಲೆಗೆ ಹೋಗುತ್ತವೆ, ಹಾಗಾಗಿ ಇಲ್ಲಿ ಸ್ವಲ್ಪ ವಿಸ್ತಾರವಾಗಿದೆ.

ಪ್ರಶ್ನೆ ಇಷ್ಟು. ಎರಡು ಕ್ಲೌನ್ ಮೀನು, ನಾಲ್ಕೈದು ಮೆತ್ತನೆ ಹವಳ, ಒಂದಿಷ್ಟು ಕಲ್ಲು, ಕೆಳಗೆ ಮರಳು. ನೀರು ನೋಡೋಕೆ ತಿಳಿಯಾಗೇ ಇದೆ. ಆದರೆ ಮರಳಿನ ಮೇಲೆ ಕಂದು ಧೂಳು ಕೂರುತ್ತೆ, ಕಲ್ಲಿನ ಸಂದಿಯಲ್ಲಿ ಗಸಿ ತುಂಬುತ್ತೆ, ಗಾಜು ಒರೆಸಿದ ಎರಡೇ ದಿನಕ್ಕೆ ಮತ್ತೆ ಪಾಚಿ. ಇದಕ್ಕೊಂದು ಕಸ ಸೋಸುವ ಫಿಲ್ಟರ್ ಸೇರಿಸಬೇಕಾ? ಸೇರಿಸೋದಾದರೆ ಯಾವುದು, ಎಲ್ಲಿ, ಎಷ್ಟು ದಿನಕ್ಕೊಮ್ಮೆ ತೊಳೀಬೇಕು? ಇನ್ನೊಂದು ಪ್ರಶ್ನೆ ನಮ್ಮಂಥವರಿಗೇ ಸಂಬಂಧಪಟ್ಟಿದ್ದು: ಹಬ್ಬಕ್ಕೆ ಹತ್ತು ದಿನ ಊರಿಗೆ ಹೋದಾಗ ಇದರ ಗತಿ ಏನು?

ಉದಾಹರಣೆಗೆ ನನ್ನ ಟ್ಯಾಂಕನ್ನೇ ತಗೊಳ್ಳೋಣ. ಹೈದರಾಬಾದಿನ ಬಾಡಿಗೆ ಮನೆ, ಮೂರನೇ ಮಹಡಿ. ಟ್ಯಾಂಕು 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. ಗುಣಿಸಿದರೆ 96 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ಸುಮಾರು 80 ಲೀಟರ್ ನೀರು. ಹಿಂಭಾಗದಲ್ಲಿ ಮೂರು ಖಾನೆಗಳಿರುವ ಆಲ್-ಇನ್-ಒನ್ ಮಾದರಿ. ಮೇಲ್ಪದರದ ನೀರು ಬಾಚಣಿಗೆಯಂಥ ಕಿಂಡಿಯಿಂದ ಮೊದಲ ಖಾನೆಗೆ ಬೀಳುತ್ತೆ, ಎರಡನೇದನ್ನ ದಾಟಿ ಮೂರನೇದಕ್ಕೆ ಬರುತ್ತೆ, ಅಲ್ಲಿಂದ ರಿಟರ್ನ್ ಪಂಪ್ ಅದನ್ನ ಮತ್ತೆ ಮುಂದಕ್ಕೆ ತಳ್ಳುತ್ತೆ. ಈ ಲೇಖನದ ಲೆಕ್ಕಗಳೆಲ್ಲ ಈ ಟ್ಯಾಂಕಿನವು. ನಿಮ್ಮ ಅಳತೆ ಹಾಕಿ ಬದಲಾಯಿಸಿಕೊಳ್ಳಿ.

ಮೂರು ಕೆಲಸ, ಮೂರು ಬೇರೆ ಜನ

ಫಿಲ್ಟರ್ ಅನ್ನೋ ಒಂದೇ ಪದದಲ್ಲಿ ಮೂರು ಕೆಲಸ ಅಡಗಿದೆ. ಬಯಾಲಜಿಕಲ್ ಫಿಲ್ಟ್ರೇಶನ್ ಅಂದರೆ ಬ್ಯಾಕ್ಟೀರಿಯಾಗಳ ಕೆಲಸ. ಅಮೋನಿಯಾವನ್ನ ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಇದು ನಡೆಯೋದು ಕಲ್ಲಿನ ಮೇಲೆ, ಮರಳಿನಲ್ಲಿ. ಕೆಮಿಕಲ್ ಅಂದರೆ ಆಕ್ಟಿವೇಟೆಡ್ ಕಾರ್ಬನ್, ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಇಂಥವು. ನೀರಿನಲ್ಲಿ ಕರಗಿದ್ದನ್ನ ಹಿಡಿಯುತ್ತವೆ. ಮೆಕ್ಯಾನಿಕಲ್ ಅಂದರೆ ಶುದ್ಧ ಜರಡಿ ಕೆಲಸ: ತಿನ್ನದೆ ಉಳಿದ ಆಹಾರ, ಮೀನಿನ ಹಿಕ್ಕೆ, ಕಿತ್ತುಬಂದ ಪಾಚಿ, ಇವು ಕೊಳೆತು ಕರಗೋ ಮೊದಲೇ ಗಟ್ಟಿಯಾಗಿರುವಾಗಲೇ ಹಿಡಿಯೋದು. ಪ್ರೋಟೀನ್ ಸ್ಕಿಮ್ಮರ್ ಇವೆರಡರ ನಡುವೆ ನಿಲ್ಲುತ್ತೆ. ಸಣ್ಣ ಗುಳ್ಳೆಗಳಿಗೆ ಅಂಟಿಕೊಳ್ಳುವ ಜೈವಿಕ ವಸ್ತುವನ್ನ ನೊರೆಯಾಗಿ ಮೇಲಕ್ಕೆ ತಂದು ಕಪ್ಪಿಗೆ ಸುರಿಯುತ್ತೆ.

ಮೆಕ್ಯಾನಿಕಲ್ ಇಲ್ಲದೇ ರೀಫ್ ಟ್ಯಾಂಕ್ ನಡೆಯೋದೇ ಇಲ್ಲ ಅಂತೇನಿಲ್ಲ. 1961ರಲ್ಲೇ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬವರು ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳನ್ನೇ ನಂಬಿ ಟ್ಯಾಂಕ್ ನಡೆಸುವ ವಿಧಾನವನ್ನ ಬರೆದು ತೋರಿಸಿದ್ದರು. ಮುಂದೆ ಬಂದ ಬರ್ಲಿನ್ ಪದ್ಧತಿಯಲ್ಲೂ ಕಲ್ಲು ಮತ್ತು ಸ್ಕಿಮ್ಮರ್‌ಗಳೇ ಮುಖ್ಯ. ಆದರೆ ಆ ಸಮತೋಲನಕ್ಕೆ ಮೀನು ಕಡಿಮೆ ಇರಬೇಕು, ಆಹಾರ ಕಡಿಮೆ ಹಾಕಬೇಕು. 80 ಲೀಟರ್‌ನಲ್ಲಿ ಎರಡು ಮೀನಿಗೆ ದಿನಾ ಊಟ ಹಾಕೋ ನಮಗೆ ಸ್ವಲ್ಪ ಸಹಾಯ ಬೇಕೇ ಬೇಕು. ಎಷ್ಟು ಸಹಾಯ ಅನ್ನೋದನ್ನ ಊಹೆಗೆ ಬಿಡೋದು ಬೇಡ.

ಒಂದು ಚಿಟಿಕೆ ಆಹಾರದ ಲೆಕ್ಕ

ದಿನಕ್ಕೆ 0.2 ಗ್ರಾಂ ಒಣ ಆಹಾರ ಹಾಕ್ತೀವಿ ಅಂದುಕೊಳ್ಳಿ. ಅದರಲ್ಲಿ 45% ಪ್ರೋಟೀನ್. ಪ್ರೋಟೀನಿನಲ್ಲಿ ಸುಮಾರು 16% ನೈಟ್ರೋಜನ್. ಗುಣಿಸಿದರೆ 14.4 ಮಿಲಿಗ್ರಾಂ ನೈಟ್ರೋಜನ್. ಅದೆಲ್ಲ ನೈಟ್ರೇಟ್ ಆದರೆ ತೂಕ 4.43 ಪಟ್ಟು, ಅಂದರೆ ಸುಮಾರು 64 ಮಿ.ಗ್ರಾಂ. 80 ಲೀಟರಿಗೆ ಹಂಚಿದರೆ ದಿನಕ್ಕೆ 0.8 ಪಿಪಿಎಂ. ಏನೂ ಹೊರಗೆ ಹೋಗದಿದ್ದರೆ ಒಂದು ತಿಂಗಳಿಗೆ 24 ಪಿಪಿಎಂ. ಮೀನು ಬೆಳೆಯೋಕೆ, ಪಾಚಿ ಬೆಳೆಯೋಕೆ ಒಂದಷ್ಟು ಖರ್ಚಾಗುತ್ತೆ, ಹಾಗಾಗಿ ಇದು ಮೇಲಿನ ಮಿತಿ. ಆದರೂ ಗಾಬರಿ ಬೀಳುವ ಅಂಕಿ ಅಲ್ಲ. ವಾರಕ್ಕೊಮ್ಮೆ 10% ನೀರು ಬದಲಾಯಿಸಿದರೆ ಸಂಭಾಳಿಸಬಹುದು.

ಈಗ ಫಾಸ್ಫೇಟ್ ನೋಡಿ. ಆಹಾರದಲ್ಲಿ ಫಾಸ್ಫರಸ್ ಸುಮಾರು 1% ಅಂತ ಹಿಡಿದರೆ 0.2 ಗ್ರಾಂನಲ್ಲಿ 2 ಮಿ.ಗ್ರಾಂ. ಫಾಸ್ಫೇಟ್ ರೂಪದಲ್ಲಿ ಅದು 3.07 ಪಟ್ಟು, ಸುಮಾರು 6.1 ಮಿ.ಗ್ರಾಂ. 80 ಲೀಟರಿಗೆ ಹಂಚಿದರೆ ದಿನಕ್ಕೆ 0.077 ಪಿಪಿಎಂ. ರೀಫ್ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ 0.03ರಿಂದ 0.1 ಪಿಪಿಎಂ. ಅಂದರೆ ಒಂದೇ ದಿನದ ಊಟದಲ್ಲಿ, ಇಡೀ ಟ್ಯಾಂಕಿನಲ್ಲಿ ಇರಬೇಕಾದಷ್ಟು ಫಾಸ್ಫೇಟ್ ಒಳಗೆ ಬರುತ್ತೆ!

ಇಲ್ಲೇ ಮೆಕ್ಯಾನಿಕಲ್ ಫಿಲ್ಟರಿನ ನಿಜವಾದ ಉಪಯೋಗ ಇರೋದು. ಮೀನು ನೈಟ್ರೋಜನ್ನಿನ ಬಹುಪಾಲನ್ನ ಕಿವಿರಿನಿಂದ ಅಮೋನಿಯಾ ರೂಪದಲ್ಲಿ ನೇರ ನೀರಿಗೆ ಬಿಡುತ್ತೆ. ಅದು ಕರಗಿದ ವಸ್ತು, ಯಾವ ಜರಡಿಗೂ ಸಿಗಲ್ಲ. ಫಾಸ್ಫರಸ್ ಹಾಗಲ್ಲ, ಹೊರಬರೋದರಲ್ಲಿ ಹೆಚ್ಚಿನ ಭಾಗ ಹಿಕ್ಕೆಯಲ್ಲಿ ಗಟ್ಟಿಯಾಗಿ ಬರುತ್ತೆ. ಅದನ್ನ ಹಿಡಿಯಬಹುದು. ಹಾಗಾಗಿ ಫ್ಲಾಸ್ ಹಾಕಿದ ಮೇಲೂ ನೈಟ್ರೇಟ್ ಅಷ್ಟೇನೂ ಇಳೀಲಿಲ್ಲ ಅಂತ ಬೇಜಾರಾಗಬೇಡಿ. ಅದರ ಲಾಭ ಕಾಣೋದು ಫಾಸ್ಫೇಟಿನಲ್ಲಿ, ಮರಳಿನ ಮೇಲೆ, ಗಾಜಿನ ಮೇಲೆ.

ಎರಡನೇ ಡಿಕಾಕ್ಷನ್

ಹಿಡಿದರೆ ಸಾಕಾ? ಸಾಲದು. ನಮ್ಮ ಮನೆ ಕಾಫಿ ಫಿಲ್ಟರನ್ನ ನೆನೆಸಿಕೊಳ್ಳಿ. ಮೇಲಿನ ಬಟ್ಟಲಲ್ಲಿ ಪುಡಿ ನಿಂತಿದೆ, ಕೆಳಗೆ ಡಿಕಾಕ್ಷನ್ ಇಳಿದಿದೆ. ಪುಡಿ ಏನೂ ಕೆಳಗೆ ಬಂದಿಲ್ಲ, ಜರಡಿ ಅದನ್ನ ಹಿಡಿದಿದೆ. ಆದರೆ ಅದರ ಸಾರ ಪೂರ್ತಿ ಕೆಳಗಿದೆ. ಮತ್ತೆ ಬಿಸಿನೀರು ಹಾಕಿದರೆ ಎರಡನೇ ಡಿಕಾಕ್ಷನ್ ಕೂಡ ಬರುತ್ತೆ.

ಟ್ಯಾಂಕಿನ ಫ್ಲಾಸ್‌ನಲ್ಲೂ ನಡೆಯೋದು ಇದೇ. ಅದು ಹಿಡಿದ ಕಸ ನೀರಿನ ದಾರಿಯಲ್ಲೇ ಕೂತಿದೆ. ಗಂಟೆಗೆ ನೂರಾರು ಲೀಟರ್ ನೀರು ಅದನ್ನ ತೊಳೆದುಕೊಂಡು ಹೋಗ್ತಿದೆ. ಎರಡು ಮೂರು ದಿನದಲ್ಲಿ ಬ್ಯಾಕ್ಟೀರಿಯಾ ಅದನ್ನ ಕೊಳೆಸೋಕೆ ಶುರು ಮಾಡುತ್ತೆ, ಸಾರವೆಲ್ಲ ಮತ್ತೆ ಟ್ಯಾಂಕಿಗೆ ಇಳಿಯುತ್ತೆ. ಕಸದ ಬುಟ್ಟಿ ತುಂಬಿದೆ, ಆದರೆ ಬುಟ್ಟಿ ಅಡುಗೆ ಮನೆಯಲ್ಲೇ ಇದೆ. ಮನೆಯಿಂದ ಕಸ ಹೊರಗೆ ಹೋಗೋದು ಮುನ್ಸಿಪಾಲಿಟಿ ಗಾಡಿಗೆ ಹಾಕಿದಾಗ ಮಾತ್ರ.

ಅದಕ್ಕೇ ಕೆಲವರು ಸ್ಪಾಂಜು, ಫ್ಲಾಸು ಎಲ್ಲ ನೈಟ್ರೇಟ್ ಫ್ಯಾಕ್ಟರಿ ಅಂತ ಬೈಯೋದು. ಆ ಮಾತು ಅರ್ಧ ನಿಜ. ಫ್ಲಾಸ್ ಹೊಸದಾಗಿ ನೈಟ್ರೇಟ್ ಹುಟ್ಟಿಸಲ್ಲ. ಅದೇ ಕಸ ಮರಳಲ್ಲಿ ಕೂತಿದ್ದರೂ ಕೊಳೆತು ಅಷ್ಟೇ ನೈಟ್ರೇಟ್ ಆಗ್ತಿತ್ತು. ಹೊತ್ತಿಗೆ ಸರಿಯಾಗಿ ತೆಗೆದರೆ ಲಾಭ, ತೆಗೆಯದಿದ್ದರೆ ಜಾಗ ಬದಲಾಗಿದೆ ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಲಾಗ್ ರೊಟೇಶನ್ ಇಲ್ಲದ ಸರ್ವರ್ ಇದ್ದ ಹಾಗೆ. ಲಾಗ್ ಬರೆಯೋದೇನೋ ಚೆನ್ನಾಗಿ ಬರೆಯುತ್ತೆ, ಡಿಸ್ಕ್ ತುಂಬಿದ ದಿನ ಎಲ್ಲ ನಿಲ್ಲುತ್ತೆ.

ಲೆಕ್ಕಾಚಾರದ ನಿಯಮ ಒಂದೇ: ಫ್ಲಾಸ್ ಎರಡು ಮೂರು ದಿನಕ್ಕೊಮ್ಮೆ ಬದಲಾಗಬೇಕು. ನಾನು ಬುಧವಾರ ಮತ್ತು ಶನಿವಾರ ಅಂತ ಇಟ್ಟುಕೊಂಡಿದ್ದೀನಿ, ಕ್ಯಾಲೆಂಡರಿನಲ್ಲಿ ರಿಮೈಂಡರ್ ಇದೆ. ಎರಡೇ ನಿಮಿಷದ ಕೆಲಸ. ಆ ಎರಡು ನಿಮಿಷ ಕೊಡೋಕಾಗಲ್ಲ ಅನ್ನೋರು ಫ್ಲಾಸ್ ಹಾಕದೇ ಇರೋದೇ ಮೇಲು, ವಾರಕ್ಕೊಮ್ಮೆ ನೀರು ಬದಲಾಯಿಸುವಾಗ ಪೈಪಿನಿಂದ ಮರಳಿನ ಮೇಲಿನ ಗಸಿ ಎಳೆದುಬಿಡಿ. ಅದೂ ಮೆಕ್ಯಾನಿಕಲ್ ಫಿಲ್ಟ್ರೇಶನ್ನೇ, ಕೈಯಿಂದ ಮಾಡೋದು.

ಫಿಲ್ಟರಿಗೂ ಮರಳಿಗೂ ಓಟದ ಪಂದ್ಯ

ಮೊದಲು ನಿಮ್ಮ ಪಂಪಿನ ನಿಜವಾದ ಹರಿವು ತಿಳ್ಕೊಳ್ಳಿ. ಡಬ್ಬದ ಮೇಲಿರೋದು ಎತ್ತರವೇ ಇಲ್ಲದಿದ್ದಾಗಿನ ಅಂಕಿ. ರಿಟರ್ನ್ ಪೈಪಿನ ಬಾಯಿಗೆ ಒಂದು ಲೀಟರ್ ಜಗ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತೆ ನೋಡಿ. 9 ಸೆಕೆಂಡ್ ಆದರೆ ಗಂಟೆಗೆ 400 ಲೀಟರ್. ಅಂದರೆ 80 ಲೀಟರ್ ಟ್ಯಾಂಕಿನಷ್ಟು ನೀರು ಗಂಟೆಗೆ 5 ಸಲ ಫಿಲ್ಟರ್ ದಾಟುತ್ತೆ. ಚಿಕ್ಕ ಟ್ಯಾಂಕಿಗೆ 5ರಿಂದ 10 ಸಲ ಸಾಕು.

ಒಂದು ಸಲ ದಾಟುವಾಗ ತೇಲುವ ಕಸದ 30% ಫ್ಲಾಸ್‌ಗೆ ಸಿಗುತ್ತೆ ಅಂದುಕೊಳ್ಳೋಣ. ಟ್ಯಾಂಕಿನ ನೀರು ಚೆನ್ನಾಗಿ ಬೆರೆಯುತ್ತಾ ಇರೋದರಿಂದ ಕಸ ಇಳಿಯೋದು ಎಕ್ಸ್‌ಪೊನೆನ್ಷಿಯಲ್ ಆಗಿ. ಲೆಕ್ಕ ಹಾಕಿದರೆ ತೇಲುವ ಕಸ ಅರ್ಧ ಆಗೋಕೆ ಸುಮಾರು 28 ನಿಮಿಷ. ಒಂದು ಗಂಟೆ ಆದಮೇಲೆ ಉಳಿಯೋದು 22%. ಬಹಳ ಚೆನ್ನಾಗಿದೆ ಅನ್ನಿಸುತ್ತೆ ಅಲ್ವಾ?

ಆದರೆ ಒಂದು ಆಹಾರದ ಕಣ ಸೆಕೆಂಡಿಗೆ 1 ಸೆಂ.ಮೀ. ವೇಗದಲ್ಲಿ ಮುಳುಗ್ತಿದೆ ಅಂದ್ಕೊಳ್ಳಿ. 35 ಸೆಂ.ಮೀ. ಆಳದ ನೀರಿನಲ್ಲಿ ಅದು ತಳ ಮುಟ್ಟೋಕೆ 35 ಸೆಕೆಂಡ್ ಸಾಕು. ಒಂದು ಕಡೆ 28 ನಿಮಿಷ, ಇನ್ನೊಂದು ಕಡೆ 35 ಸೆಕೆಂಡ್. ಪಂದ್ಯದಲ್ಲಿ ಗೆಲ್ಲೋದು ಯಾರು ಅಂತ ಹೇಳಬೇಕಾಗಿಲ್ಲ. ಫಿಲ್ಟರ್ ಎಷ್ಟೇ ದುಬಾರಿಯಾಗಲಿ, ತನ್ನ ಹತ್ತಿರ ಬಾರದ ಕಸವನ್ನ ಹಿಡಿಯೋಕೆ ಅದರಿಂದ ಆಗಲ್ಲ.

ಹಾಗಾಗಿ ಮೆಕ್ಯಾನಿಕಲ್ ಫಿಲ್ಟರಿನ ಅರ್ಧ ಕೆಲಸ ಮಾಡೋದು ವೇವ್‌ಮೇಕರ್. ಟ್ಯಾಂಕಿನ ಒಳಗಿನ ಹರಿವು ಗಂಟೆಗೆ ನೀರಿನ ಪ್ರಮಾಣದ 20ರಿಂದ 40 ಪಟ್ಟು ಇರಲಿ. ಮೆತ್ತನೆ ಹವಳಗಳಿದ್ದರೆ ಕೆಳಗಿನ ಅಂಕಿ ಸಾಕು. 80 ಲೀಟರಿಗೆ ಅದು 1600 ಲೀಟರಿನಿಂದ ಶುರು. ಕಲ್ಲಿನ ಹಿಂದೆ ನೀರು ನಿಂತೇ ಇರುವ ಮೂಲೆಗಳು ಉಳಿಯದ ಹಾಗೆ ಅದನ್ನ ತಿರುಗಿಸಿ. ಕಲ್ಲುಗಳನ್ನ ಹಿಂದಿನ ಗಾಜಿಗೆ ಒರಗಿಸಿ ಗೋಡೆ ಕಟ್ಟಬೇಡಿ, ಕೈ ಹೋಗುವಷ್ಟು ಸಂದಿ ಬಿಡಿ. ಫ್ಲಾಸ್ ಬದಲಾಯಿಸುವ ಹಿಂದಿನ ರಾತ್ರಿ, ರಬ್ಬರ್ ಬುಗ್ಗೆ ಇರುವ ಉದ್ದನೆ ಪಿಚಕಾರಿಯಿಂದ ಕಲ್ಲಿನ ಸಂದಿಗಳಿಗೆ ನೀರು ಊದಿ. ಕೂತಿದ್ದ ಗಸಿ ಮೇಲೇಳುತ್ತೆ, ರಾತ್ರಿಯೆಲ್ಲ ಫ್ಲಾಸ್ ಹಿಡಿಯುತ್ತೆ, ಬೆಳಗ್ಗೆ ನೀವು ಹೊರಗೆ ಹಾಕ್ತೀರಿ. ಇಷ್ಟಾದರೆ ವ್ಯವಸ್ಥೆ ಪೂರ್ತಿ.

ಯಾವುದನ್ನ ಆರಿಸೋದು?

ಫ್ಲಾಸ್ ಅಂದರೆ ಬಿಳಿ ಪಾಲಿಯೆಸ್ಟರ್ ಹತ್ತಿ. ಅಗ್ಗ, ಕತ್ತರಿಸಿ ಹಾಕೋದು, ಬಿಸಾಡೋದು. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನೂ ಬಳಸ್ತಾರೆ. ವಾಸನೆಗೆ, ಬೆಂಕಿಗೆ, ಬ್ಯಾಕ್ಟೀರಿಯಾಕ್ಕೆ ಅಂತ ಯಾವ ರಾಸಾಯನಿಕವನ್ನೂ ಲೇಪಿಸಿರಬಾರದು. ಅದು ಖಾತ್ರಿ ಇಲ್ಲದಿದ್ದರೆ ಅಕ್ವೇರಿಯಂಗೆ ಅಂತಲೇ ಮಾರುವ ಶೀಟ್ ತಗೊಳ್ಳಿ.

ಸ್ಪಾಂಜ್ ತೊಳೆದು ಮತ್ತೆ ಬಳಸಬಹುದು. ದೊಡ್ಡ ರಂಧ್ರದ ಸ್ಪಾಂಜ್ ದಪ್ಪ ಕಸವನ್ನ ಮಾತ್ರ ಹಿಡಿಯುತ್ತೆ, ಬೇಗ ಕಟ್ಟಿಕೊಳ್ಳಲ್ಲ. ಫಿಲ್ಟರ್ ಸಾಕ್ ಅನ್ನೋ ಚೀಲ 100, 200 ಮೈಕ್ರಾನ್ ಅಳತೆಯಲ್ಲಿ ಬರುತ್ತೆ. 1 ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು 50ರಿಂದ 100 ಮೈಕ್ರಾನ್ ದಪ್ಪ. ಸಾಕ್ ಚೆನ್ನಾಗಿ ಕೆಲಸ ಮಾಡೋದು ಕೆಳಗೆ ಸಂಪ್ ಇರುವ ದೊಡ್ಡ ಟ್ಯಾಂಕುಗಳಲ್ಲಿ. ಅದನ್ನ ತೊಳೆಯುವಾಗ ಸೋಪಿನ ಪುಡಿ, ಫ್ಯಾಬ್ರಿಕ್ ಕಂಡೀಷನರ್ ಸೋಕಿಸಬಾರದು.

ಹಿಂದೆ ಖಾನೆಗಳಿಲ್ಲದ ಸಾದಾ ಟ್ಯಾಂಕ್ ಆದರೆ ಗಾಜಿಗೆ ನೇತುಹಾಕುವ ಹ್ಯಾಂಗ್-ಆನ್-ಬ್ಯಾಕ್ ಫಿಲ್ಟರ್ ಒಳ್ಳೆಯದು. ಮುಚ್ಚಳ ತೆಗೆದರೆ ಫ್ಲಾಸ್ ಕೈಗೆ ಸಿಗುತ್ತೆ. ಕ್ಯಾನಿಸ್ಟರ್ ಫಿಲ್ಟರ್ ಹೆಚ್ಚು ಕಸ ಹಿಡಿಯುತ್ತೆ, ಆದರೆ ಬಿಚ್ಚೋದು ರಗಳೆ. ರಗಳೆ ಆಗಿದ್ದನ್ನ ನಾವು ತಿಂಗಳಿಗೊಮ್ಮೆ ಮಾಡ್ತೀವಿ. ಜೊತೆಗೆ ಅದು ಮುಚ್ಚಿದ ಡಬ್ಬ. ಕರೆಂಟ್ ನಾಲ್ಕಾರು ಗಂಟೆ ಹೋದರೆ ಒಳಗಿನ ಆಕ್ಸಿಜನ್ ಮುಗಿದು ನೀರು ಕೆಡುತ್ತೆ, ಕರೆಂಟ್ ಬಂದ ಕೂಡಲೇ ಅದೆಲ್ಲ ಟ್ಯಾಂಕಿಗೆ ಬರುತ್ತೆ. ನನ್ನ ಅಭಿಪ್ರಾಯದಲ್ಲಿ ಚಿಕ್ಕ ರೀಫಿಗೆ ಅತ್ಯುತ್ತಮ ಫಿಲ್ಟರ್ ಅಂದರೆ ನೀವು ನಿಜವಾಗಿ ತೆಗೆದು ತೊಳೆಯುವ ಫಿಲ್ಟರ್.

ಎಲ್ಲಿ, ಹೇಗೆ ಕೂರಿಸೋದು

ಜಾಗ ಮೊದಲ ಖಾನೆ. ಕಾರ್ಬನ್, ಸೆರಾಮಿಕ್ ಮೀಡಿಯಾ, ಹೀಟರ್ ಎಲ್ಲದಕ್ಕಿಂತ ಮೊದಲು ನೀರು ಫ್ಲಾಸ್ ದಾಟಬೇಕು. ಇಲ್ಲದಿದ್ದರೆ ಗಸಿ ಹೋಗಿ ಅವುಗಳ ರಂಧ್ರದಲ್ಲಿ ಕೂರುತ್ತೆ. ಮೇಲೆ ಒಂದು ಪದರ ದಪ್ಪ ಸ್ಪಾಂಜ್, ಕೆಳಗೆ 2-3 ಸೆಂ.ಮೀ. ಫ್ಲಾಸ್. ನೀರು ಯಾವಾಗಲೂ ಸುಲಭದ ದಾರಿ ಹುಡುಕುತ್ತೆ, ಆದ್ದರಿಂದ ಅಂಚಿನಲ್ಲಿ ಸಂದಿ ಇರದ ಹಾಗೆ ಖಾನೆಗಿಂತ ಅರ್ಧ ಸೆಂ.ಮೀ. ದೊಡ್ಡದಾಗಿ ಕತ್ತರಿಸಿ. ಹಾಗಂತ ಹಾಸಿಗೆ ಹೊಲಿದ ಹಾಗೆ ತುಂಬಬೇಡಿ. ಬಿಗಿ ಹೆಚ್ಚಾದಷ್ಟೂ ಬೇಗ ಕಟ್ಟಿಕೊಳ್ಳುತ್ತೆ.

ಇನ್ನೊಂದು ಭಾಗ ಎಲ್ಲಕ್ಕಿಂತ ಮುಖ್ಯ. ಮನೆ ಮೇಲಿನ ನೀರಿನ ಟ್ಯಾಂಕಿಗೆ ಓವರ್‌ಫ್ಲೋ ಪೈಪ್ ಇರುತ್ತಲ್ಲ, ಅದೇ ಇಲ್ಲೂ ಬೇಕು. ಫ್ಲಾಸ್ ಇಡುವ ಬುಟ್ಟಿಯ ಒಂದು ಮೂಲೆಯಲ್ಲಿ 1 ಇಂಚಿನ ಪಿವಿಸಿ ಪೈಪ್ ತುಂಡನ್ನ ನೆಟ್ಟಗೆ ನಿಲ್ಲಿಸಿ. ಅದರ ಬಾಯಿ ಫ್ಲಾಸ್‌ಗಿಂತ 2-3 ಸೆಂ.ಮೀ. ಮೇಲೆ, ಆದರೆ ನೀರು ಒಳಬರುವ ಕಿಂಡಿಗಿಂತ ಕೆಳಗೆ ಇರಬೇಕು. ಫ್ಲಾಸ್ ಚೆನ್ನಾಗಿರುವ ತನಕ ಆ ಪೈಪಿಗೆ ಕೆಲಸ ಇಲ್ಲ. ಕಟ್ಟಿಕೊಂಡ ದಿನ ನೀರು ಮೇಲೇರಿ ಪೈಪಿನಿಂದ ಕೆಳಗಿಳಿಯುತ್ತೆ. ಸೋಸದ ನೀರು ಹರೀತಾ ಇರುತ್ತೆ, ಆದರೆ ಹರಿವು ನಿಲ್ಲಲ್ಲ. ಗುಳುಗುಳು ಅಂತ ಸದ್ದೂ ಬರುತ್ತೆ, ಅದೇ ಅಲಾರಂ.

ಸೆನ್ಸರ್ ನೋಡೋದು ಮಟ್ಟವನ್ನ, ಉಪ್ಪನ್ನಲ್ಲ

ಆ ಪೈಪ್ ಯಾಕೆ ಅಷ್ಟು ಮುಖ್ಯ? ಉಪ್ಪುನೀರಿನ ಟ್ಯಾಂಕಿನಲ್ಲಿ ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಹಾಗಾಗಿ ದಿನಾ ಸಿಹಿನೀರು ಸೇರಿಸಬೇಕು. ಬಹಳ ಜನ ಇದಕ್ಕೆ ಆಟೋ ಟಾಪ್-ಆಫ್ ಹಾಕಿರ್ತಾರೆ: ರಿಟರ್ನ್ ಖಾನೆಯಲ್ಲಿ ಒಂದು ಸೆನ್ಸರ್, ಮಟ್ಟ ಇಳಿದರೆ ಪಕ್ಕದ ಕ್ಯಾನಿನಿಂದ ಆರ್‌ಓ ನೀರು ಬರುತ್ತೆ.

ಈಗ ಫ್ಲಾಸ್ ಕಟ್ಟಿಕೊಂಡಿದೆ, ಓವರ್‌ಫ್ಲೋ ಪೈಪ್ ಇಲ್ಲ ಅಂದುಕೊಳ್ಳಿ. ಮೊದಲ ಖಾನೆಯಲ್ಲಿ ನೀರು ಏರುತ್ತೆ. ಮೂರನೇ ಖಾನೆಗೆ ಬರೋದು ಕಡಿಮೆಯಾಗುತ್ತೆ, ಪಂಪ್ ಮಾತ್ರ ಎಳೀತಾನೇ ಇರುತ್ತೆ. ಅಲ್ಲಿ ಮಟ್ಟ ಇಳಿಯುತ್ತೆ. ಸೆನ್ಸರ್ ಪಾಪ ಏನು ತಿಳ್ಕೊಳ್ಳುತ್ತೆ? ನೀರು ಆವಿಯಾಗಿದೆ ಅಂತ. ಸಿಹಿನೀರು ಬಿಡುತ್ತೆ. ಪಂಪ್ ಅದನ್ನೂ ಮುಂದಕ್ಕೆ ತಳ್ಳುತ್ತೆ, ಮಟ್ಟ ಮತ್ತೆ ಇಳಿಯುತ್ತೆ, ಸೆನ್ಸರ್ ಮತ್ತೆ ನೀರು ಬಿಡುತ್ತೆ. ಎಂಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪಠ್ಯಪುಸ್ತಕದ ಉದಾಹರಣೆ. ನಮಗೆ ಬೇಕಿರೋದು ಉಪ್ಪಿನ ಪ್ರಮಾಣ, ಸೆನ್ಸರ್ ಅಳೀತಿರೋದು ಒಂದು ಖಾನೆಯ ಮಟ್ಟ. ಎಲ್ಲ ಸರಿ ಇರುವಾಗ ಎರಡೂ ಒಂದೇ, ಒಂದು ಹತ್ತಿ ತುಂಡು ಕಟ್ಟಿಕೊಂಡರೆ ಎರಡೂ ಬೇರೆ ಬೇರೆ.

ಲೆಕ್ಕ ನೋಡಿ. 80 ಲೀಟರ್, ಉಪ್ಪು 35 ಪಿಪಿಟಿ. 3 ಲೀಟರ್ ಹೆಚ್ಚುವರಿ ಸಿಹಿನೀರು ಬಂದರೆ 33.7. ಅಷ್ಟಕ್ಕೆ ಏನೂ ಆಗಲ್ಲ. 10 ಲೀಟರ್ ಕ್ಯಾನ್ ಪೂರ್ತಿ ಖಾಲಿಯಾಗಿ ಎಲ್ಲವೂ ಟ್ಯಾಂಕಿನಲ್ಲೇ ಉಳಿದರೆ 31.1. ಒಂದೇ ರಾತ್ರಿಯಲ್ಲಿ ಈ ಇಳಿತ ಹವಳಗಳಿಗೆ, ಸೀಗಡಿಗೆ ದೊಡ್ಡ ಹೊಡೆತ. ನಿಜದಲ್ಲಿ ಅಷ್ಟು ನೀರಿಗೆ ಟ್ಯಾಂಕಿನಲ್ಲಿ ಜಾಗ ಇರಲ್ಲ, ಉಕ್ಕಿ ನೆಲಕ್ಕೆ ಬರುತ್ತೆ. ಉಪ್ಪುನೀರು, ಎಕ್ಸ್‌ಟೆನ್ಷನ್ ಬೋರ್ಡ್, ಕೆಳಗಿನ ಮನೆಯವರ ಸೀಲಿಂಗ್, ಬಾಡಿಗೆ ಮನೆಯ ಅಡ್ವಾನ್ಸ್, ಇವೆಲ್ಲ ಒಂದೇ ಸಾಲಿನಲ್ಲಿ ನಿಂತಿವೆ.

ತಡೆಯೋಕೆ ಮೂರು ಉಪಾಯ, ಮೂರೂ ಇರಲಿ. ಒಂದು, ಮೇಲೆ ಹೇಳಿದ ಓವರ್‌ಫ್ಲೋ ಪೈಪ್. ಎರಡು, ಟಾಪ್-ಆಫ್ ಪಂಪಿಗೆ ಸಮಯದ ಮಿತಿ, ಜೊತೆಗೆ ಟ್ಯಾಂಕಿನ ಮುಂಭಾಗದಲ್ಲಿ ಇನ್ನೊಂದು ಫ್ಲೋಟ್ ಸ್ವಿಚ್. ಅಲ್ಲಿ ನೀರು ಏರಿದರೆ ಟಾಪ್-ಆಫ್ ಬಂದ್ ಆಗಬೇಕು. ಮೂರು, ಕ್ಯಾನ್ ಚಿಕ್ಕದಿರಲಿ. 5 ಲೀಟರ್ ಕ್ಯಾನ್ ಪೂರ್ತಿ ಸುರಿದರೂ ಉಪ್ಪು 32.9ಕ್ಕೆ ನಿಲ್ಲುತ್ತೆ.

ಹಾಗೇ ಒಂದು ಸಲ ಬೇಕಂತಲೇ ಪ್ಲಗ್ ಕಿತ್ತು ನೋಡಿ. ಪಂಪ್ ನಿಂತಾಗ ರಿಟರ್ನ್ ಪೈಪಿನಿಂದ ನೀರು ಹಿಂದಕ್ಕೆ ಸೈಫನ್ ಆಗುತ್ತೆ. ಪೈಪಿನ ಬಾಯಿ ನೀರಿನ ಮಟ್ಟಕ್ಕೆ ಹತ್ತಿರ ಇದ್ದರೆ ಬೇಗ ಗಾಳಿ ಎಳೆದು ನಿಲ್ಲುತ್ತೆ, ಆಳದಲ್ಲಿದ್ದರೆ ಹಿಂದಿನ ಖಾನೆಗಳು ತುಂಬುತ್ತವೆ. ಇದನ್ನ ನೀವು ಮನೆಯಲ್ಲಿ ಇರುವಾಗಲೇ ಪರೀಕ್ಷೆ ಮಾಡಬೇಕು, ಬೇಸಿಗೆಯ ರಾತ್ರಿ ಕರೆಂಟ್ ಹೋದಾಗ ಅಲ್ಲ.

ಊರಿಗೆ ಹೊರಡುವ ಮೊದಲು

ದೀಪಾವಳಿಗೆ ಹತ್ತು ದಿನ ರಜೆ. ಶಿವಮೊಗ್ಗಕ್ಕೋ ಹಾಸನಕ್ಕೋ ಬಸ್ ಬುಕ್ ಆಗಿದೆ. ಫ್ಲಾಸ್ ಏನು ಮಾಡೋದು? ಹೊಸದು ಹಾಕಿ ಹೋಗೋಣ ಅಂತ ಮೊದಲು ಅನ್ನಿಸುತ್ತೆ. ನನ್ನ ಸಲಹೆ ಅದಕ್ಕೆ ಪೂರ್ತಿ ವಿರುದ್ಧ: ಫ್ಲಾಸ್ ತೆಗೆದುಬಿಟ್ಟು ಹೋಗಿ. ಹತ್ತು ದಿನ ತೆಗೆಯದ ಫ್ಲಾಸ್‌ನಿಂದ ಲಾಭ ಇಲ್ಲ, ಎರಡನೇ ಡಿಕಾಕ್ಷನ್ ಇಳೀತಾನೇ ಇರುತ್ತೆ. ಅಪಾಯ ಮಾತ್ರ ಪೂರ್ತಿ ಇದೆ. ದಪ್ಪ ಸ್ಪಾಂಜನ್ನ ತೊಳೆದು ಅದೊಂದನ್ನೇ ಬಿಡಿ.

ಹೊರಡುವ ಎರಡು ದಿನ ಮೊದಲು ಗಸಿ ಊದಿ, ಫ್ಲಾಸ್ ಬದಲಾಯಿಸಿ, 10-15% ನೀರು ಬದಲಾಯಿಸಿ. ಹೊರಡುವ ದಿನ ಹೊಸದೇನನ್ನೂ ಮಾಡಬೇಡಿ. ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಡಿಪ್ಲಾಯ್ ಮಾಡೋರು ಯಾರಾದ್ರೂ ಇದ್ದಾರಾ? ಆಹಾರ ಕಡಿಮೆ ಮಾಡಿ, ಒಳಗೆ ಬರೋ ಕಸವೇ ಕಡಿಮೆಯಾಗುತ್ತೆ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟರೆ, ಒಂದೊಂದು ದಿನದ ಆಹಾರವನ್ನ ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಡಿ, ಡಬ್ಬ ಕೊಡಬೇಡಿ. ಪ್ರೀತಿಯಿಂದ ಹಾಕುವ ಒಂದು ಹಿಡಿ ಆಹಾರ ಈ ಗಾತ್ರದ ಟ್ಯಾಂಕನ್ನ ಕೆಡಿಸೋಕೆ ಸಾಕು. ಅವರು ಮಾಡಬೇಕಾದ್ದು ಎರಡೇ ಕೆಲಸ: ಪೊಟ್ಟಣ ಹಾಕೋದು, 5 ಲೀಟರ್ ಕ್ಯಾನ್ ಖಾಲಿಯಾದರೆ ತುಂಬೋದು. ಫ್ಯಾನ್ ಹಾಕಿರುವ ಟ್ಯಾಂಕಿನಲ್ಲಿ ನೀರು ಬೇಗ ಆವಿಯಾಗುತ್ತೆ, ಹಾಗಾಗಿ ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಬೇಕಾಗುತ್ತೆ ಅಂತ ಒಂದು ವಾರ ಮೊದಲೇ ಅಳೆದಿಡಿ.

ಅತಿ ಸ್ವಚ್ಛತೆಯೂ ರೋಗ

ಈಗಾಗಲೇ ನಡೀತಿರುವ ಟ್ಯಾಂಕಿಗೆ ಫಿಲ್ಟರ್ ಸೇರಿಸುವಾಗ ನಿಧಾನ ಇರಲಿ. ಮೊದಲು ನೈಟ್ರೇಟ್, ಫಾಸ್ಫೇಟ್ ಅಳೆದು ಬರೆದಿಡಿ. ಮೊದಲ ವಾರ ಸ್ಪಾಂಜ್ ಮಾತ್ರ. ಎರಡನೇ ವಾರದಿಂದ ಫ್ಲಾಸ್. ವರ್ಷಗಟ್ಟಲೆ ಕೂತ ಗಸಿಯನ್ನ ಒಂದೇ ದಿನ ಎಬ್ಬಿಸಬೇಡಿ, ಅದರಲ್ಲಿ ಸೇರಿಕೊಂಡಿದ್ದೆಲ್ಲ ಒಟ್ಟಿಗೆ ನೀರಿಗೆ ಬರುತ್ತೆ. ಟ್ಯಾಂಕಿನ ಮೂರನೇ ಒಂದು ಭಾಗವನ್ನ ಒಂದು ವಾರ, ಇನ್ನೊಂದು ಭಾಗವನ್ನ ಮುಂದಿನ ವಾರ.

ಗುರಿ ಸೊನ್ನೆ ಅಲ್ಲ. ಹವಳಗಳೂ ಜೀವಿಗಳೇ, ಅವಕ್ಕೂ ಅವುಗಳೊಳಗಿನ ಪಾಚಿಗೂ ನೈಟ್ರೋಜನ್, ಫಾಸ್ಫರಸ್ ಬೇಕು. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಇದ್ದರೆ ಖುಷಿಯಾಗಿರಿ. ಎರಡೂ ಸೊನ್ನೆಗೆ ಬಿದ್ದ ಟ್ಯಾಂಕುಗಳಲ್ಲಿ ಹವಳ ಬಣ್ಣ ಕಳೆದುಕೊಳ್ಳುತ್ತೆ, ಗುಳ್ಳೆಗುಳ್ಳೆಯಾದ ಕಂದು ಲೋಳೆಯ ಹಾಗೆ ಡೈನೋಫ್ಲಾಜೆಲೇಟ್‌ಗಳು ಹಬ್ಬುತ್ತವೆ. ಅದನ್ನ ಓಡಿಸೋದು ಪಾಚಿಗಿಂತ ಕಷ್ಟ. ಜೊತೆಗೆ ಫ್ಲಾಸ್‌ಗೆ ಕಸ ಯಾವುದು, ಜೀವ ಯಾವುದು ಅನ್ನೋ ಭೇದ ಇಲ್ಲ. ಹವಳಗಳು ತಿನ್ನುವ ಕೋಪೆಪಾಡ್‌ನಂಥ ಸಣ್ಣ ಜೀವಿಗಳನ್ನೂ ಅದು ಹಿಡಿಯುತ್ತೆ. ಅಂಕಿಗಳು ಕೆಳಗಿಳೀತಿದ್ದರೆ ವಾರದಲ್ಲಿ ಎರಡು ದಿನ ಫ್ಲಾಸ್ ಇಲ್ಲದೆ ಓಡಿಸಿ. ಹವಳಕ್ಕೆ ಆಹಾರ ಹಾಕುವಾಗ ರಿಟರ್ನ್ ಪಂಪ್ ಅರ್ಧ ಗಂಟೆ ನಿಲ್ಲಿಸಿ, ವೇವ್‌ಮೇಕರ್ ಓಡ್ತಿರಲಿ.

ನೀರು ಮತ್ತು ಕಾನೂನು

ನಮ್ಮ ನಗರಗಳಿಗೆ ಸಂಬಂಧಪಟ್ಟ ಎರಡು ಮಾತು. ಟ್ಯಾಂಕರ್, ಬೋರ್‌ವೆಲ್ ನೀರಿನಲ್ಲಿ ಏನಿರುತ್ತೋ ಅದೆಲ್ಲ ಟಾಪ್-ಆಫ್ ಮೂಲಕ ದಿನಾ ಸೇರುತ್ತಾ ಹೋಗುತ್ತೆ. ಯಾವ ಫ್ಲಾಸೂ ಅದನ್ನ ತಡೆಯಲ್ಲ, ಅದು ಕರಗಿದ್ದು. ಅಡುಗೆ ಮನೆಯ ಆರ್‌ಓ ಕೂಡ ಸಾಲದು. ಬಹಳಷ್ಟು ಮೆಷಿನ್‌ಗಳಲ್ಲಿ ರುಚಿಗೋಸ್ಕರ ಒಂದಿಷ್ಟು ಮೂಲ ನೀರನ್ನ ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತೆ. ಆರ್‌ಓ ನಂತರ ಒಂದು ಡಿಐ ರೆಸಿನ್ ಹಾಕಿ, ಟಿಡಿಎಸ್ ಮೀಟರ್ 0 ತೋರಿಸೋ ನೀರನ್ನೇ ಬಳಸಿ.

ಎರಡನೇದು ಹವಳದ ಬಗ್ಗೆ. ಬಂಡೆ ಕಟ್ಟುವ ಗಟ್ಟಿ ಹವಳಗಳನ್ನ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ ಸೇರಿಸಲಾಯಿತು. ಹುಲಿಗೆ ಇರೋ ಶೆಡ್ಯೂಲೇ ಅದು. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿ, ಕಚ್ ಕೊಲ್ಲಿ, ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ, ಎಲ್ಲಿಂದಲೂ ಹವಳ ಅಥವಾ ಹವಳದ ಕಲ್ಲು ಎತ್ತಿಕೊಂಡು ಬರೋದು ಅಪರಾಧ. ಅಂಗಡಿಯವರು ಸಮುದ್ರದ್ದು ಅಂತ ಹೆಮ್ಮೆಯಿಂದ ತೋರಿಸಿದರೆ ಅಲ್ಲಿಂದ ಹೊರಟುಬಿಡಿ. ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಕಲ್ಲು ತಗೊಂಡು ಬ್ಯಾಕ್ಟೀರಿಯಾ ಬೆಳೆಸಿಕೊಳ್ಳಿ, ಎರಡು ತಿಂಗಳು ತಡವಾಗುತ್ತೆ ಅಷ್ಟೇ.

ಕೊನೆಗೆ ಈ ವಾರ ಮಾಡಬಹುದಾದ ಕೆಲಸ. ಜಗ್ ಹಿಡಿದು ಹರಿವು ಅಳೆಯಿರಿ. ಪ್ಲಗ್ ಕಿತ್ತು ಸೈಫನ್ ನೋಡಿ. ಬುಟ್ಟಿಗೆ ಓವರ್‌ಫ್ಲೋ ಪೈಪ್ ಹಾಕಿ. ಇವು ಮೂರೂ ಆದಮೇಲೆ ಫ್ಲಾಸ್ ಹಾಕಿ, ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಳ್ಳಿ. ಒಂದು ತಿಂಗಳು ಅಂಕಿಗಳನ್ನ ಬರೆದಿಟ್ಟರೆ ನಿಮ್ಮ ಟ್ಯಾಂಕಿಗೆ ಎಷ್ಟು ಬೇಕು ಅನ್ನೋದು ನಿಮಗೇ ಗೊತ್ತಾಗುತ್ತೆ. ಮುಂದಿನ ಸಲ ಸ್ಕಿಮ್ಮರ್ ಬಗ್ಗೆ ಮಾತಾಡೋಣ.